ನೂರ ಹದಿನಾಲ್ಕನೇ ಚೇಂಬರ್

ಒಳಚರಂಡಿ ವಿಭಾಗದ ಅಧೀಕ್ಷಕನಿಗೆ ಕಚೇರಿಯಲ್ಲಿ ಮೊಹರಪ್ಪ ಎಂಬ ಅಡ್ಡಹೆಸರಿತ್ತು. ಎದುರಿಗೆ ಸಾರ್, ಬೆನ್ನು ತಿರುಗಿದ ಕೂಡಲೇ ಮೊಹರಪ್ಪ. ಊರಿನ ಯಾವ ಮೂಲೆಯಲ್ಲಿ ಕೊಳಚೆ ಉಕ್ಕಿದರೂ ದೂರು ಮೊದಲು ಬಂದು ಬೀಳುವುದು ಅವನ ಮೇಜಿನ ಮೇಲೆ. ಅಲ್ಲಿಂದ ಮೇಸ್ತ್ರಿಗೆ ಹೋಗಿ, ಮೇಸ್ತ್ರಿಯಿಂದ ಗಾಡಿಯವರಿಗೆ ಹೋಗಿ, ಏಳು ದಿನದೊಳಗೆ ಮತ್ತೆ ಅದೇ ಮೇಜಿಗೆ ಮರಳಿದಾಗ ಅವನು ‘ಸರಿಪಡಿಸಲಾಗಿದೆ’ ಎಂಬ ನೀಲಿ ಮೊಹರು ಒತ್ತಿ ಕೆಳಗೆ ಸಹಿ ಹಾಕಬೇಕು. ಎಂಟನೇ ದಿನಕ್ಕೆ ಹೋದರೆ ಮೇಲಿನವರು ವಿವರಣೆ ಕೇಳುತ್ತಾರೆ. ಹೀಗಾಗಿ ಊರಿನಲ್ಲಿ ಏನೇ ಉಕ್ಕಲಿ, ಏನೇ ನಿಲ್ಲಲಿ, ಮೊಹರಪ್ಪನ ಪುಸ್ತಕದಲ್ಲಿ ಏಳನೇ ದಿನಕ್ಕೆ ಎಲ್ಲವೂ ಒಣಗಿರುತ್ತಿತ್ತು.

ನಿಜವಾಗಿ ಒಣಗದೇ ಇದ್ದದ್ದು ತಗ್ಗಿನ ಬೀದಿ ಒಂದೇ. ಅಲ್ಲಿ ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳಿದ್ದಳು. ಪ್ರತಿ ಸೋಮವಾರ ಕಿಟಕಿ ತೆರೆಯುವ ಮೊದಲೇ ಬಂದು ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದಳು. ಕೂಗಾಡುತ್ತಿರಲಿಲ್ಲ, ಕಣ್ಣೀರು ಹಾಕುತ್ತಿರಲಿಲ್ಲ. ಸರದಿ ಬಂದಾಗ ಎದ್ದು, ದೂರಿನ ಹಾಳೆ ಇಸಿದುಕೊಂಡು, ಹೊಲಿಗೆಯಷ್ಟೇ ಸಣ್ಣ ಅಕ್ಷರದಲ್ಲಿ ಅದೇ ನಾಲ್ಕು ಸಾಲು ಬರೆದು ಕೊಡುತ್ತಿದ್ದಳು.

"ಮೊನ್ನೆ ಕೊಟ್ಟಿದ್ರಲ್ಲಮ್ಮ?" ಎಂದು ಗುಮಾಸ್ತ ಕೇಳಿದರೆ, "ಅದು ಮುಗೀತಂತಲ್ಲ, ಹಿಂಬರಹ ಬಂತು. ನಿಮ್ಮ ಪುಸ್ತಕದಲ್ಲಿ ಮುಗಿದಿದೆ, ನಮ್ಮನೇಲಿ ಮುಗಿದಿಲ್ಲ" ಎನ್ನುತ್ತಿದ್ದಳು.

ಮೂವತ್ತೊಂದನೇ ದೂರಿನ ದಿನ ಅವಳು ನೇರವಾಗಿ ಮೊಹರಪ್ಪನ ಮೇಜಿನ ಮುಂದೆ ಬಂದು ನಿಂತಳು.

"ಸಾರ್, ಒಂದು ಮಾತು ಕೇಳ್ಲಾ? ನಿಮ್ಮನೆ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ?"

"ಎಲ್ಲರ ಮನೇದು ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

"ನಮ್ದು ಹೋಗಲ್ಲ ಸಾರ್. ಬರುತ್ತೆ."

ಸುತ್ತಲಿನ ಗುಮಾಸ್ತರು ನಕ್ಕರು. ಅವಳೂ ಸ್ವಲ್ಪ ನಕ್ಕಳು. ಮೊಹರಪ್ಪನಿಗೆ ನಗು ಬರಲಿಲ್ಲ. ತನ್ನ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಅವಳ ಮನೆಯದು ಯಾಕೆ ಹೋಗುವುದಿಲ್ಲ, ಎರಡೂ ಅವನಿಗೆ ಗೊತ್ತಿತ್ತು. ಆ ಕಚೇರಿಯಲ್ಲಿ ಗೊತ್ತಿದ್ದವನು ಅವನೊಬ್ಬನೇ.

ಅದೇ ದಿನ ಮಧ್ಯಾಹ್ನ ಆಯುಕ್ತರು ಕರೆಸಿದರು. ಶುಕ್ರವಾರ ಮೇಲಿನಿಂದ ತಪಾಸಣೆಯ ತಂಡ ಬರುತ್ತದೆ, ತಗ್ಗಿನ ಬೀದಿಗೂ ಹೋಗುತ್ತದೆ, ಅಷ್ಟರೊಳಗೆ ಬೀದಿ ಒಣಗಿರಬೇಕು ಎಂದರು. "ಮೂವತ್ತು ಸಲ ಸರಿಪಡಿಸಿದೀರಿ ಅಂತ ಇಲ್ಲಿದೆ. ಮೂವತ್ತು ಸಲ ಸರಿಪಡಿಸಿದ್ದು ಯಾಕ್ರೀ ಸರಿಯಾಗಿಲ್ಲ? ನೀವೇ ಹೋಗಿ ನೋಡಿ."

ಹೋದ. ಹೊಲಿಗೆಯವಳ ಮನೆಯ ಹೊಸ್ತಿಲಿನಿಂದ ಒಳಕ್ಕೆ ಇಟ್ಟಿಗೆಗಳ ಮೇಲೆ ಹಲಗೆ ಹಾಸಿ ದಾರಿ ಮಾಡಿದ್ದರು. ಹೊಲಿಗೆಯಂತ್ರ ಮೇಜಿನ ಮೇಲೆ ಏರಿ ಕೂತಿತ್ತು. ಕಾಲಿನಿಂದ ತುಳಿಯುವ ಯಂತ್ರ ಮೇಜಿನ ಮೇಲೆ ಹೋದರೆ ತುಳಿಯುವುದು ಹೇಗೆ? ಅವಳು ನಿಂತುಕೊಂಡು ಬಲಗೈಯಲ್ಲಿ ಚಕ್ರ ತಿರುಗಿಸುತ್ತ, ಎಡಗೈಯಲ್ಲಿ ಬಟ್ಟೆ ತಳ್ಳುತ್ತ ಹೊಲಿಯುತ್ತಿದ್ದಳು. ಮೂಲೆಯಲ್ಲಿ ಎತ್ತರಿಸಿದ ಮಂಚದ ಮೇಲೆ ಅವಳ ಮಾವ ಗೋಡೆಗೆ ಒರಗಿದ್ದ. ಆ ಮಂಚದಿಂದ ಇಳಿದು ಹೊರಗೆ ಹೋಗಲಾಗದೆ ಅವನಿಗೆ ಆರು ತಿಂಗಳು ಕಳೆದಿತ್ತು.

"ನೀವು ಚರಂಡಿ ಸಾಹೇಬ್ರಾ?" ಎಂದ ಮುದುಕ. "ಬನ್ನಿ, ಕೂತ್ಕೊಳ್ಳಿ. ಕಾಲು ಮಾತ್ರ ಮೇಲಿಟ್ಕೊಳ್ಳಿ."

ಮೊಹರಪ್ಪ ಮಂಚದ ತುದಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತ. ವಾಸನೆಗೆ ಮೂಗು ಮುಚ್ಚಿಕೊಳ್ಳಲು ಮುಜುಗರವಾಯಿತು. ಇಪ್ಪತ್ತಾರು ವರ್ಷ ಒಳಚರಂಡಿಯ ಕಾಗದ ನೋಡಿದವನಿಗೆ ಒಳಚರಂಡಿಯ ವಾಸನೆ ಇಷ್ಟು ಹತ್ತಿರದಿಂದ ಗೊತ್ತಿರಲಿಲ್ಲ. ಐದು ನಿಮಿಷ ಕೂತು, ಬರುತ್ತೇನೆ ಎಂದು ಎದ್ದ. ಹೊಲಿಗೆಯವಳು ಹಲಗೆಯ ಮೇಲೆ ಬಾಗಿಲವರೆಗೆ ಬಂದಳು. "ನೋಡಿದ್ರಲ್ಲ ಸಾರ್, ಅಷ್ಟು ಸಾಕು" ಎಂದಳು. ಬೈದಿದ್ದರೆ ವಾಸಿಯಿತ್ತು.

ಆ ಬೀದಿಯ ನೀರು ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ. ನೂರ ಹದಿಮೂರನೇ ಚೇಂಬರಿಗೆ, ಅಂದರೆ ಮುಚ್ಚಳವಿರುವ ಚರಂಡಿಗುಂಡಿಗೆ, ಬಂದು, ಅಲ್ಲಿಂದ ಪಕ್ಕದ ಏರಿನ ಮನೆಗಳ ಅಡಿಯಲ್ಲಿ ಆಳವಾಗಿ ಹಾದು, ನೂರ ಹದಿನೈದಕ್ಕೆ ಸೇರಬೇಕು. ನಕ್ಷೆಯಲ್ಲಿ ಹದಿಮೂರರ ಪಕ್ಕ ಹದಿನೈದು ಇತ್ತು, ನಡುವೆ ಬರಿ ಗೆರೆ. ರಭಸದ ನೀರು ಹಾಯಿಸಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಗಾಡಿಯ ಕೊಳವೆ ಆ ಕಡೆಯಿಂದ ತಳ್ಳಿದರೂ ಒಂದು ಜಾಗದಲ್ಲಿ ನಿಲ್ಲುತ್ತಿತ್ತು, ಈ ಕಡೆಯಿಂದ ತಳ್ಳಿದರೂ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಮೇಸ್ತ್ರಿ ಇದನ್ನು ವರ್ಷದಿಂದ ಹೇಳುತ್ತಲೇ ಇದ್ದ.

"ಸಾರ್, ಬೇರೆ ಎಲ್ಲಾ ಕಡೆ ಮೂವತ್ತು ಮೀಟರಿಗೊಂದು ಚೇಂಬರ್ ಇದೆ. ಇಲ್ಲಿ ಮಾತ್ರ ಅರವತ್ತು. ನಂಬರೂ ಹಾರಿದೆ. ನೂರ ಹದಿನಾಲ್ಕು ಎಲ್ಲಿಗೆ ಹೋಯ್ತು?"

"ಹಳೇ ಕಾಲದವರು ಎಣಿಸೋವಾಗ ತಪ್ಪಿರಬೇಕು."

"ಮುಚ್ಚಳದ ಮೇಲೆ ಅಚ್ಚು ಹಾಕ್ಸಿದ ನಂಬರು ಸಾರ್ ಅದು. ಕಬ್ಬಿಣ ಎರಕ ಹೊಯ್ಯೋನು ಲೆಕ್ಕ ತಪ್ತಾನಾ?"

ಮೊಹರಪ್ಪ ಪ್ರತಿ ಸಲವೂ ಬೇರೆ ಕಡತ ಎಳೆದುಕೊಳ್ಳುತ್ತಿದ್ದ.

ನೂರ ಹದಿನಾಲ್ಕು ಅವನ ಅಕ್ಕನ ಅಡುಗೆಮನೆಯ ಕೆಳಗಿತ್ತು.

ತಾಯಿ ಹೋದಾಗ ಅವನಿಗೆ ಒಂಬತ್ತು ವರ್ಷ. ಅಕ್ಕನಿಗೆ ಆಗಲೇ ಮದುವೆಯಾಗಿತ್ತು. ತಮ್ಮನನ್ನು ಕೈಹಿಡಿದು ಗಂಡನ ಮನೆಗೆ ಕರೆದುಕೊಂಡು ಹೋದಳು. ಭಾವ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಮಹಡಿಯ ಕೋಣೆ ಕೊಟ್ಟ, ಓದಿಸಿದ, ನೌಕರಿಯ ಅರ್ಜಿಗೆ ತಾನೇ ಸರತಿಯಲ್ಲಿ ನಿಂತ. ಮೊಹರಪ್ಪ ಮದುವೆಯಾಗಲಿಲ್ಲ. ಆ ಮಹಡಿಯ ಕೋಣೆಯಲ್ಲೇ ಉಳಿದ, ಆ ಅಡುಗೆಮನೆಯಲ್ಲೇ ಉಂಡ.

ಇಪ್ಪತ್ತೆರಡು ವರ್ಷದ ಹಿಂದೆ ಆ ಮನೆಗೆ ಅಡುಗೆಮನೆ ಎಂಬುದೇ ಇರಲಿಲ್ಲ. ನಡುಮನೆಯ ಮೂಲೆಯಲ್ಲೇ ಒಲೆ. ಹೊಗೆಗೆ ಅಕ್ಕನ ಕೆಮ್ಮು ಜೋರಾಗಿತ್ತು. ಹಿತ್ತಲಿನಲ್ಲಿ ಜಾಗವಿತ್ತು, ಆದರೆ ಸರಿಯಾಗಿ ನಡುವೆ ಒಂದು ಕಬ್ಬಿಣದ ಮುಚ್ಚಳ. ಚೇಂಬರಿನ ಮೇಲೆ ಕಟ್ಟಡ ಕಟ್ಟಲು ಯಾರೂ ಅನುಮತಿ ಕೊಡುವುದಿಲ್ಲ. ಭಾವ ಒಂದು ಸಂಜೆ, ಅವನ ಮುಖ ನೋಡದೆ, "ನೀನು ಅದೇ ಆಫೀಸಲ್ಲೇ ಇದೀಯಲ್ಲ" ಎಂದಿದ್ದ. ಅಷ್ಟೇ. ಆ ಮನೆಯಲ್ಲಿ ಇಪ್ಪತ್ತಮೂರು ವರ್ಷ ಉಂಡವನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

ಆಗ ಕಚೇರಿಯಲ್ಲಿ ಗೆದ್ದಲು ಹಿಡಿದ ಹಳೇ ನಕ್ಷೆಗಳನ್ನು ಹೊಸ ಹಾಳೆಗೆ ಇಳಿಸುತ್ತಿದ್ದರು. ಇಳಿಸಿದ್ದನ್ನು ಹಳೆಯದರ ಪಕ್ಕ ಇಟ್ಟು ತಾಳೆ ನೋಡುವ ಕೆಲಸ ಅವನದು. ಮಸಿಯಲ್ಲಿ ತಪ್ಪಾದರೆ ಬ್ಲೇಡಿನಿಂದ ಹೆರೆದು ತೆಗೆಯುವುದು ಅಲ್ಲಿನ ರೂಢಿ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವನು ಹೊಸ ಹಾಳೆಯಲ್ಲಿ ನೂರ ಹದಿನಾಲ್ಕನೇ ಚೇಂಬರಿನ ಗುರುತಾಗಿದ್ದ ಸೊನ್ನೆಯನ್ನು ಹೆರೆದ. ಅರ್ಧ ನಿಮಿಷದ ಕೆಲಸ. ಹೆರೆದ ಮಸಿಯ ಪುಡಿಯನ್ನು ಬಾಯಿಂದ ಊದಿದ. ಹಳೇ ನಕ್ಷೆ ಆ ವಾರವೇ ಸುಟ್ಟುಹಾಕುವ ರಾಶಿಗೆ ಹೋಯಿತು. ಮುಂದಿನ ತಿಂಗಳು ಭಾವ ಅಡುಗೆಮನೆಗೆ ಗೋಡೆ ಎಬ್ಬಿಸಿದ. ನೆಲದ ಟೈಲ್ಸನ್ನು ಭಾನುವಾರಗಳಲ್ಲಿ ತನ್ನ ಕೈಯಾರೆ ಹಾಕಿದ. "ಆ ಮುಚ್ಚಳ ಏನಾಯ್ತೋ?" ಎಂದು ಅಕ್ಕ ಕೇಳಿದಾಗ ತಮ್ಮ ಹೇಳಿದ್ದ: "ಅದು ಸತ್ತ ಚೇಂಬರ್ ಅಕ್ಕ. ಲೈನು ಬೇರೆ ಕಡೆ ತಿರುಗಿಸಿದಾರೆ."

ಅದೇ ವಿಭಾಗದ ಅಧೀಕ್ಷಕನಾದ ಮೇಲೆ ಮೊಹರಪ್ಪ ಆ ಕುರ್ಚಿ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ. ಎರಡು ಸಲ ಬಡ್ತಿ ಬಂತು, ಎರಡು ಸಲವೂ ಬೇಡವೆಂದು ಬರೆದುಕೊಟ್ಟ. ಆ ಮೇಜಿಗೆ ಇನ್ನೊಬ್ಬ ಬಂದು ಕೂತರೆ ಮೊದಲ ವಾರದಲ್ಲೇ ಕೇಳುತ್ತಾನೆ: ಹದಿಮೂರಾದ ಮೇಲೆ ಹದಿನೈದು ಹೇಗೆ? ಜನ ಅವನನ್ನು ಆಸೆಯಿಲ್ಲದ ಮನುಷ್ಯ ಎಂದರು. ಒಬ್ಬ ಆಯುಕ್ತರಂತೂ ಬೀಳ್ಕೊಡುಗೆಯ ಭಾಷಣದಲ್ಲಿ ಅವನ ಹೆಸರು ಹೇಳಿ ಹೊಗಳಿದ್ದರು. ಮೊಹರಪ್ಪ ತಲೆ ತಗ್ಗಿಸಿ ಕೂತಿದ್ದ; ಅದನ್ನೂ ವಿನಯ ಎಂದುಕೊಂಡರು. ಭಾವ ತೀರಿಕೊಂಡು ಆರು ವರ್ಷವಾದ ಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು. ಅಕ್ಕ ದಿನಾ ಬೆಳಿಗ್ಗೆ ಆ ನೆಲ ಒರೆಸುವಾಗ, "ನಿಮ್ಮ ಭಾವ ಹಾಕಿದ್ದು, ಒಂದು ಟೈಲ್ಸೂ ಅಲ್ಲಾಡಿಲ್ಲ ನೋಡು" ಎನ್ನುತ್ತಿದ್ದಳು.

ಮಂಗಳವಾರ ಗಾಡಿ ಹೋಯಿತು, ಬಂತು. ಬುಧವಾರ ದೊಡ್ಡ ಗಾಡಿ ಹೋಯಿತು, ಅದೂ ಬಂತು. ಬುಧವಾರ ಸಂಜೆ ಮೇಸ್ತ್ರಿ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡ.

"ಸಾರ್, ಒಂದೇ ದಾರಿ ಇರೋದು. ಕೊಕ್ಕರೆ ಇಳೀತೀನಿ ಅಂದಿದಾನೆ."

ಕೊಕ್ಕರೆ ಎಂದರೆ ಗಾಡಿಯ ಕೆಲಸಗಾರ. ಉದ್ದ ಕಾಲು, ಸಣ್ಣ ಸೊಂಟ. ಹಿಂದೆ, ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು ಇನ್ನೂ ನಿಷೇಧಿಸದೇ ಇದ್ದ ಕಾಲದಲ್ಲಿ, ಅವನು ಇಳಿಯದ ಚೇಂಬರ್ ಊರಿನಲ್ಲಿ ಇರಲಿಲ್ಲ.

"ಎಲ್ಲಿ ಇಳೀತಾನೆ?"

"ನೂರ ಹದಿನೈದರಲ್ಲಿ. ಅದು ಒಣಗಿದೆ. ಇಳಿದು, ಪೈಪಿನೊಳಗೆ ತೆವಳ್ಕೊಂಡು ಹೋಗಿ, ಕಟ್ಟಿರೋ ಜಾಗಕ್ಕೆ ಸಲಾಕೆ ಹಾಕ್ತಾನೆ."

"ಕಟ್ಟಿರೋದು ಬಿಟ್ಟರೆ?"

ಮೇಸ್ತ್ರಿ ಗಡ್ಡ ಕೆರೆದುಕೊಂಡ. ಕಟ್ಟಿರುವುದು ಬಿಟ್ಟರೆ ಒಂದಿಡೀ ಬೀದಿಯ ನೀರು ಒಮ್ಮೆಲೇ ಆ ಪೈಪಿನೊಳಗೆ ನುಗ್ಗುತ್ತದೆ. ಪೈಪಿನೊಳಗೆ ಇರುವವನಿಗೆ ತಿರುಗಲು ಜಾಗವಿರುವುದಿಲ್ಲ.

"ಸೊಂಟಕ್ಕೆ ಹಗ್ಗ ಕಟ್ತೀವಿ ಸಾರ್. ಎಳ್ಕೋತೀವಿ. ನೀವೇನೂ ಬರೀಬೇಡಿ, ಹೇಳಲೂ ಬೇಡಿ. ಬೆಳಿಗ್ಗೆ ಒಂದು ಗಂಟೆ ತಡವಾಗಿ ಬನ್ನಿ, ಸಾಕು."

ಪ್ರತಿ ತಿಂಗಳ ಕೊನೆಗೆ ಮೊಹರಪ್ಪ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಿದ್ದ: ‘ಈ ತಿಂಗಳು ಯಾರನ್ನೂ ಗುಂಡಿಯೊಳಗೆ ಇಳಿಸಿರುವುದಿಲ್ಲ.’ ಆ ಒಂದು ಕಾಗದ ಮಾತ್ರ ಅವನು ಹೆದರಿಕೆಯಿಲ್ಲದೆ ಸಹಿ ಹಾಕುತ್ತಿದ್ದ ಕಾಗದ, ಯಾಕೆಂದರೆ ಅದು ನಿಜವಾಗಿತ್ತು.

"ನೋಡೋಣ" ಎಂದ. ಬೇಡ ಎನ್ನಲು ಬಾಯಿ ಬರಲಿಲ್ಲ. ಬೇಡ ಎಂದರೆ ಮತ್ತೇನು ಎಂದು ಮೇಸ್ತ್ರಿ ಕೇಳುತ್ತಿದ್ದ. ‘ನೋಡೋಣ’ ಎಂಬುದನ್ನು ಮೇಸ್ತ್ರಿ ಹೂಂ ಎಂದೇ ತೆಗೆದುಕೊಂಡು ಹೋದ.

ಗುರುವಾರ ಬೆಳಿಗ್ಗೆ ಅಕ್ಕ ತಿಂಡಿ ಬಡಿಸಿದಳು. ಅವನು ತಟ್ಟೆ ನೋಡುತ್ತ ಕೂತ. ಒಲೆಕಟ್ಟೆಯ ಮುಂದೆ ಅಕ್ಕ ನಿಲ್ಲುವ ಜಾಗದಲ್ಲಿ ಟೈಲ್ಸಿನ ಬಣ್ಣ ಮಾಸಿತ್ತು. ಈಗ ಹೇಳಿಬಿಡಬೇಕು ಎಂದುಕೊಂಡ. ಅಕ್ಕ ನೀರು ತಂದಿಟ್ಟಳು. ನೀರು ಕುಡಿದ ಮೇಲೆ ಹೇಳೋಣ ಎಂದುಕೊಂಡ. "ಯಾಕೋ, ಮೈ ಹುಷಾರಿಲ್ವಾ?" ಎಂದಳು. "ಇಲ್ಲ, ಚೆನ್ನಾಗಿದೀನಿ" ಎಂದು ಎದ್ದ. ಕಾಲು ಕಚೇರಿಯ ಕಡೆಗೆ ಹೋಗಬೇಕಿತ್ತು, ಒಂದು ಗಂಟೆ ತಡವಾಗಿ. ಅದು ಹೋದದ್ದು ಮನೆಯ ಹಿಂದಿನ ಬೀದಿಗೆ, ನೂರ ಹದಿನೈದರ ಹತ್ತಿರ.

ಮುಚ್ಚಳ ತೆಗೆದಿತ್ತು. ಕೊಕ್ಕರೆ ಅಂಗಿ ಬಿಚ್ಚಿ ಎದೆಗೆ, ತೋಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಸೊಂಟಕ್ಕೆ ಹಗ್ಗ ಆಗಲೇ ಬಿದ್ದಿತ್ತು. ಅವನ ಅಂಗಿಯನ್ನು ಮಡಚಿ, ಅದರ ಮೇಲೆ ಕೈಗಡಿಯಾರ ಇಟ್ಟು, ಗೋಡೆಯ ಮೇಲೆ ಜೋಪಾನವಾಗಿ ಇಟ್ಟಿದ್ದರು. ಮೊಹರಪ್ಪನನ್ನು ಕಂಡು ಮೇಸ್ತ್ರಿ ಹುಬ್ಬು ಗಂಟಿಕ್ಕಿದ. ಕೊಕ್ಕರೆ ಮಾತ್ರ ಹಲ್ಲು ಬಿಟ್ಟ.

"ಏನು ಸಾರ್, ದೊಡ್ಡವರೇ ಬಂದ್ಬಿಟ್ರಿ. ನಿಮಗೂ ಹಗ್ಗ ಕಟ್ಲಾ?"

"ಎಷ್ಟು ವರ್ಷ ಆಯ್ತು ನೀನು ಇಳಿದು?"

"ಹನ್ನೊಂದು. ಆಗ ಹೊಟ್ಟೆ ಇರಲಿಲ್ಲ ಸಾರ್. ಈಗ ಸ್ವಲ್ಪ ಬಂದಿದೆ, ಸಿಕ್ಕಾಕೊಂಡ್ರೆ ಎಣ್ಣೆ ಇರ್ಲಿ ಅಂತ." ಗುಂಡಿಯ ಅಂಚಿಗೆ ಕೂತು ಎರಡೂ ಕಾಲು ಒಳಗೆ ಬಿಟ್ಟ. ಕಬ್ಬಿಣದ ಮೆಟ್ಟಿಲನ್ನು ಹಿಮ್ಮಡಿಯಿಂದ ಹುಡುಕಿದ.

ಮೊಹರಪ್ಪ ಅವನ ತೋಳು ಹಿಡಿದ. ಎಣ್ಣೆಗೆ ಕೈ ಜಾರಿತು, ಮತ್ತೆ ಹಿಡಿದ.

"ಇಳೀಬೇಡ."

"ಸಾರ್, ಟೈಮಾಗುತ್ತೆ" ಎಂದ ಮೇಸ್ತ್ರಿ.

"ನೂರ ಹದಿನಾಲ್ಕು ಎಲ್ಲಿದೆ ಅಂತ ನಂಗೊತ್ತು."

ಮೇಸ್ತ್ರಿ ಅವನನ್ನೇ ದಿಟ್ಟಿಸಿದ. ಒಂದು ವರ್ಷದಿಂದ ಕೇಳಿದ ಪ್ರಶ್ನೆಗೆ ಉತ್ತರ ಬಂದಿತ್ತು, ಆದರೆ ಅವನಿಗೆ ಖುಷಿಯಾದಂತೆ ಕಾಣಲಿಲ್ಲ. "ಯಾವಾಗಿಂದ?" ಎಂದು ಮಾತ್ರ ಕೇಳಿದ. ಮೊಹರಪ್ಪ ತನ್ನ ಮನೆಯ ಹಿತ್ತಲಿನ ಕಡೆಗೆ ನಡೆದ.

ಅಕ್ಕ ಹಾಲು ಕಾಯಿಸುತ್ತಿದ್ದಳು. ಹಿತ್ತಲ ಬಾಗಿಲಿನಿಂದ ತಮ್ಮ, ಅವನ ಹಿಂದೆ ಸಲಾಕೆ ಹಿಡಿದ ಮೇಸ್ತ್ರಿ, ಅವನ ಹಿಂದೆ ಮೈಗೆಲ್ಲ ಎಣ್ಣೆ ಬಳಿದುಕೊಂಡ ಉದ್ದ ಕಾಲಿನ ಮನುಷ್ಯ ಒಳಗೆ ಬಂದಾಗ ಸೆರಗು ಸರಿಮಾಡಿಕೊಂಡಳು.

"ಇದೇನೋ ಇದು?"

"ಅಕ್ಕ, ಒಲೆ ಆರಿಸು."

"ಹಾಲು ಇನ್ನೂ ಉಕ್ಕಿಲ್ಲ."

"ಆರಿಸು. ಇದರ ಕೆಳಗೆ ಚೇಂಬರ್ ಇದೆ. ತೆಗೀಬೇಕು."

ಅಕ್ಕ ಒಲೆ ಆರಿಸಿದಳು. ಇಕ್ಕಳದಲ್ಲಿ ಪಾತ್ರೆ ಇಳಿಸಿ, ತಟ್ಟೆ ಮುಚ್ಚಿ, ಆಮೇಲೆ ತಿರುಗಿದಳು. "ಅದು ಸತ್ತ ಚೇಂಬರ್ ಅಂತ ನೀನೇ ಹೇಳಿದ್ದೆ."

"ಸುಳ್ಳು ಹೇಳಿದ್ದೆ."

"ಯಾರಿಗೆ?"

"ನಿಂಗೆ. ಆಫೀಸಿಗೆ. ಕೆಳಗಿನ ಬೀದಿಯವರ ಮನೆಯೊಳಗೆಲ್ಲ ಹೊಲಸು ನಿಂತಿದೆ ಅಕ್ಕ, ವರ್ಷದಿಂದ. ಇದನ್ನ ತೆಗೀದೆ ಅದು ಹೋಗಲ್ಲ."

ಅಕ್ಕ ಅವನ ಹಿಂದೆ ನಿಂತಿದ್ದವರನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. "ನಿಮ್ಮ ಭಾವನಿಗೆ ಗೊತ್ತಿತ್ತಾ?"

ಆ ಪ್ರಶ್ನೆಗೆ ಅವನು ತಯಾರಾಗಿರಲಿಲ್ಲ. ಗೋಡೆಯ ಮೇಲೆ ಭಾವನ ಪಟವಿರಲಿಲ್ಲ, ಅದು ನಡುಮನೆಯಲ್ಲಿತ್ತು. ಆದರೂ ಭಾವ ಅಲ್ಲೇ ಮೊಣಕಾಲೂರಿ ಟೈಲ್ಸ್ ಕೂರಿಸುತ್ತಿದ್ದಂತೆ ಅನ್ನಿಸಿತು.

"ಇಲ್ಲ" ಎಂದ. "ಅವರಿಗೂ ಹಾಗೇ ಹೇಳಿದ್ದೆ. ನಾನೊಬ್ಬನೇ ಮಾಡಿದ್ದು."

ಅಕ್ಕ ತಲೆ ಅಲ್ಲಾಡಿಸಿ ಡಬ್ಬಿಗಳನ್ನು ಒಂದೊಂದಾಗಿ ನಡುಮನೆಗೆ ಸಾಗಿಸತೊಡಗಿದಳು. ಕೊಕ್ಕರೆ ಕೈ ಒರೆಸಿಕೊಂಡು ಸಹಾಯಕ್ಕೆ ಹೋದ. "ಬೇಡಪ್ಪ, ಎಣ್ಣೆ ಕೈ, ಜಾರುತ್ತೆ" ಎಂದಳು.

ಒಲೆಕಟ್ಟೆಯ ಮುಂದಿನ ಟೈಲ್ಸಿಗೆ ಮೇಸ್ತ್ರಿ ಉಳಿ ಹಾಕಿದ. ಒಡೆಯುತ್ತದೆ, ಸಿಮೆಂಟು ಕೀಳಬೇಕು ಎಂದು ಸುತ್ತಿಗೆ ಎತ್ತಿದವನು ಕೈ ತಡೆದ. ಉಳಿಯ ತುದಿಗೇ ಟೈಲ್ಸ್ ಇಡಿಯಾಗಿ ಎದ್ದು ಬಂತು. ಅದರ ಕೆಳಗೆ ಸಿಮೆಂಟಿರಲಿಲ್ಲ, ಬರಿ ಮರಳು. ಪಕ್ಕದ್ದೂ ಹಾಗೇ. ಒಟ್ಟು ಒಂಬತ್ತು ಟೈಲ್ಸ್ ಕೈಯಲ್ಲೇ ಎದ್ದವು. ಮರಳು ಸರಿಸಿದರೆ ಕಲ್ಲಿನ ಚಪ್ಪಡಿ, ಚಪ್ಪಡಿಗೆ ಎರಡು ಕಬ್ಬಿಣದ ಹಿಡಿ, ಚಪ್ಪಡಿಯ ಕೆಳಗೆ ಮುಚ್ಚಳ. ಮುಚ್ಚಳಕ್ಕೆ ತುಕ್ಕು ಹಿಡಿಯದ ಹಾಗೆ ದಪ್ಪಗೆ ಗ್ರೀಸು ಬಳಿದಿತ್ತು.

"ಯಾರೋ ಗೊತ್ತಿದ್ದೇ ಮಾಡಿದಾರೆ ಸಾರ್" ಎಂದ ಮೇಸ್ತ್ರಿ, ಬೇರೇನೂ ಯೋಚಿಸದೆ. "ಒಂದು ದಿನ ತೆಗೀಬೇಕಾಗುತ್ತೆ ಅಂತ ದಾರಿ ಬಿಟ್ಟು ಹಾಕಿದಾರೆ. ಒಳ್ಳೇ ಕೆಲಸಗಾರ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಉಪ್ಪಿನ ಜಾಡಿ. ಒಂಬತ್ತು ಟೈಲ್ಸನ್ನೂ ಗೋಡೆಗೆ ಒರಗಿಸಿಟ್ಟ ಸಾಲನ್ನು ನೋಡಿದಳು. ಮೊಹರಪ್ಪ ಅವಳ ಮುಖ ನೋಡಲಾಗದೆ ಗುಂಡಿಯ ಕಡೆ ನೋಡಿದ. ಅವಳು ಜಾಡಿಯನ್ನು ತೆಗೆದುಕೊಂಡು ಒಳಗೆ ಹೋದಳು, ಮತ್ತೆ ಬರಲಿಲ್ಲ.

ಮುಚ್ಚಳ ಎತ್ತಿದರು. ಯಾರೂ ಇಳಿಯಬೇಕಾಗಲಿಲ್ಲ. ಮೇಲೆ ನಿಂತೇ ಉದ್ದ ಕೋಲುಗಳಿಗೆ ಕೋಲು ಜೋಡಿಸಿ ಚುಚ್ಚಿದರು. ಹೂಳು ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಅದರೊಳಗೆ ಯಾವುದೋ ಮರದ ಬೇರು ಕೂದಲಿನಂತೆ ಹೆಣೆದುಕೊಂಡಿತ್ತು. ಹೂಳು ಹೀರುವ ಸಕ್ಕಿಂಗ್ ಗಾಡಿಯ ಕೊಳವೆಯನ್ನು ಹಿತ್ತಲ ಬಾಗಿಲಿನಿಂದ ಒಳಗೆ ಎಳೆದರು. ಹನ್ನೊಂದೂವರೆಗೆ ಕಟ್ಟಿದ್ದು ಬಿಟ್ಟಿತು. ಪೈಪಿನೊಳಗಿಂದ ಮೊದಲು ಗಾಳಿ ಬಂತು, ಆಮೇಲೆ ನೀರು. ಗೋಡೆಯ ಮೇಲೆ ತೂಗುಹಾಕಿದ್ದ ಸೌಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡುವಷ್ಟು ರಭಸ. ಕೊಕ್ಕರೆ ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದವನು ಮೆಲ್ಲಗೆ ಹಿಂದೆ ಸರಿದು ಗೋಡೆಗೆ ಒರಗಿ ಕೂತ. ಸೊಂಟದ ಹಗ್ಗ ಬಿಚ್ಚುವುದನ್ನು ಅವನು ಮರೆತಿದ್ದ. ಈಗ ಬಿಚ್ಚಲು ನೋಡಿದ. ಬೆರಳಿಗೆ ಗಂಟು ಸಿಗಲಿಲ್ಲ.

"ನಾನು ಬಿಚ್ತೀನಿ" ಎಂದು ಮೊಹರಪ್ಪ ಅವನ ಮುಂದೆ ಕೂತ.

ಮಧ್ಯಾಹ್ನ ಒಂದು ಗಂಟೆಗೆ ತಗ್ಗಿನ ಬೀದಿಯ ನೀರೆಲ್ಲ ಖಾಲಿಯಾಯಿತು. ಸಂಜೆ ಮೇಸ್ತ್ರಿ ಹೋಗಿ ನೋಡಿಬಂದ. ಹೊಲಿಗೆಯವಳು ನೆಲ ಉಜ್ಜುತ್ತಿದ್ದಳಂತೆ, ನಾಲ್ಕು ಜನ ಸೇರಿ ಯಂತ್ರವನ್ನು ಮೇಜಿನಿಂದ ಇಳಿಸಿದರಂತೆ. ಏನಾದರೂ ಕೇಳಿದಳಾ ಎಂದು ಮೊಹರಪ್ಪ ವಿಚಾರಿಸಿದ್ದಕ್ಕೆ, "ಇಷ್ಟು ಬೇಗ ಹೋಗೋದಾಗಿದ್ರೆ ಇಷ್ಟು ದಿನ ಯಾಕೆ ಹೋಗ್ಲಿಲ್ಲ ಅಂತ ಕೇಳಿದ್ಳು" ಎಂದ. ತಾನು ಏನು ಹೇಳಿದೆ ಎಂಬುದನ್ನು ಮೇಸ್ತ್ರಿ ಹೇಳಲಿಲ್ಲ.

ಶುಕ್ರವಾರ ತಪಾಸಣೆಯ ತಂಡ ಬಂತು, ಒಣಗಿದ ಬೀದಿ ನೋಡಿತು, ಹೋಯಿತು. ಶನಿವಾರ ಮೊಹರಪ್ಪ ಆಯುಕ್ತರ ಮುಂದೆ ಎರಡು ಹಾಳೆ ಇಟ್ಟ. ಒಂದರಲ್ಲಿ ಬ್ಲೇಡಿನಿಂದ ಹಿಡಿದು ಎಲ್ಲವನ್ನೂ ಬರೆದಿದ್ದ, ಭಾವನ ಮಾತೊಂದನ್ನು ಬಿಟ್ಟು. ಇನ್ನೊಂದು ರಾಜೀನಾಮೆ.

ಆಯುಕ್ತರು ಎರಡನ್ನೂ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಗ ತಾಳೆ ನೋಡಿದ್ದು ನೀವೊಬ್ಬರೇನಾ?"

"ನಾಲ್ಕು ಜನ ಇದ್ವಿ ಸಾರ್."

"ಎಲ್ಲರ ಹತ್ರಾನೂ ಬ್ಲೇಡ್ ಇತ್ತಾ?"

ಇಪ್ಪತ್ತೆರಡು ವರ್ಷ ತನ್ನ ಒಂದು ಸೊನ್ನೆಯನ್ನೇ ಕಾವಲು ಕಾದವನಿಗೆ ಉಳಿದ ಮೂವರು ಊಟದ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂಬ ಯೋಚನೆಯೇ ಬಂದಿರಲಿಲ್ಲ. ಇನ್ನೂ ಎಷ್ಟು ನಂಬರು ಹಾರಿವೆಯೋ ಅವನು ಎಣಿಸಿ ನೋಡಿರಲಿಲ್ಲ. ನೋಡಲು ಧೈರ್ಯವಿರಲಿಲ್ಲ.

"ಇತ್ತು ಸಾರ್."

"ಇದನ್ನ ನಾನು ತಗೊಂಡ್ರೆ ಮುನ್ನೂರು ಹಾಳೆ ನಕ್ಷೆ ಸುಳ್ಳು ಅಂತ ನಾನೇ ಒಪ್ಪಿಕೊಂಡ ಹಾಗೆ. ನಾಳೆಯಿಂದ ಊರವರೆಲ್ಲ ಅವರವರ ಅಡುಗೆಮನೆ ಅಗೀತಾರೆ." ಹಾಳೆಗಳನ್ನು ಅವನ ಕಡೆಗೆ ತಳ್ಳಿದರು. "ಕಾಮಗಾರಿ ವೇಳೆ ಹಳೆಯ ಚೇಂಬರ್ ಪತ್ತೆಯಾಯಿತು ಅಂತ ಒಂದು ಷರಾ ಬರೀರಿ. ಅಷ್ಟು ಸಾಕು."

"ರಾಜೀನಾಮೆ, ಸಾರ್?"

"ಹಾರಿರೋ ನಂಬರೆಲ್ಲ ಹುಡುಕೋರು ಯಾರು? ಯಾವ ಮನೆ ಬಾಗಿಲು ತಟ್ಟಬೇಕು ಅಂತ ನಿಮಗೆ ಬಿಟ್ಟು ಇನ್ಯಾರಿಗೆ ಗೊತ್ತಾಗುತ್ತೆ? ಸದ್ದಿಲ್ಲದೆ ಹುಡುಕಿ. ನಿವೃತ್ತಿಗೆ ಎಷ್ಟಿದೆ?"

"ಆರು ವರ್ಷ."

"ಸಾಕಾಗಲ್ಲ" ಎಂದರು ಆಯುಕ್ತರು, ಕನ್ನಡಕ ಹಾಕಿಕೊಳ್ಳುತ್ತ.

ಮೊಹರಪ್ಪ ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದ. ಶಿಕ್ಷೆ ಬೇಡಿ ಹೋದವನ ಕೈಗೆ ಕೆಲಸ ಕೊಟ್ಟು ಕಳಿಸಿದ್ದರು. ಮೇಜಿನ ಮೇಲೆ ಅಂದಿನ ದೂರುಗಳು ಕಾಯುತ್ತಿದ್ದವು. ಷರಾ ಬರೆದ.

ಮನೆಯಲ್ಲಿ ಅಕ್ಕ ಮೂರು ದಿನ ಮಾತಾಡಿರಲಿಲ್ಲ. ಚೇಂಬರನ್ನು ಇನ್ನು ಮುಚ್ಚುವಂತಿಲ್ಲ, ಮೂರು ತಿಂಗಳಿಗೊಮ್ಮೆ ತೆಗೆಯಬೇಕು ಎಂದು ಮೇಸ್ತ್ರಿ ಹೇಳಿ ಹೋಗಿದ್ದ. ಅಡುಗೆಮನೆಯ ನಡುವೆ ಕಬ್ಬಿಣದ ಮುಚ್ಚಳ ಬರಿಮೈಯಲ್ಲಿ ಬಿದ್ದಿತ್ತು. ಅಕ್ಕ ಒಲೆಯನ್ನು ನಡುಮನೆಯ ಹಳೇ ಮೂಲೆಗೆ ತಂದುಕೊಂಡಿದ್ದಳು. ಹೊಗೆಯ ಕಾಲ ಮುಗಿದಿತ್ತು, ಆದರೂ ಅವಳು ಕೆಮ್ಮಿದರೆ ಅವನ ಜೀವ ಹಿಡಿಯಷ್ಟಾಗುತ್ತಿತ್ತು.

ಆ ಸಂಜೆ ತಟ್ಟೆಯ ಮುಂದೆ ಕೂತು ಅವನೇ ಬಾಯಿ ತೆಗೆದ. "ಅಕ್ಕ, ನಾನು ಬೇರೆ ಕಡೆ ಒಂದು ರೂಮು ನೋಡ್ಲಾ?"

"ಅವರಿಗೆ ಗೊತ್ತಿರ್ಲಿಲ್ಲ ಅಂತ ಎರಡನೇ ಸುಳ್ಳು ಯಾಕೆ ಹೇಳ್ದೆ?" ಎಂದಳು ಅಕ್ಕ.

"ನಿಂಗೋಸ್ಕರ."

"ಮೊದಲನೇದೂ ನಂಗೋಸ್ಕರಾನೇ ಅಲ್ವಾ? ನೀವಿಬ್ಬರೂ ಸೇರಿ ನಂಗೋಸ್ಕರ ಮಾಡಿದ್ದು. ನನ್ನನ್ನ ಒಂದು ಮಾತು ಕೇಳಿದ್ರೆ ಆ ಮೂಲೇಲೇ ಕೆಮ್ಕೊಂಡು ಇರ್ತಿದ್ದೆ." ಅವಳು ಅನ್ನದ ಪಾತ್ರೆ ಹತ್ತಿರ ಎಳೆದುಕೊಂಡಳು. "ಮೊನ್ನೆ ಆ ಬೀದಿಗೆ ಹೋಗಿದ್ದೆ. ಒಬ್ಬ ಮುದುಕ ಬಾಗಿಲ ಹೊರಗೆ ಬಿಸಿಲಿಗೆ ಕೂತಿದ್ದ. ಯಾರಮ್ಮ ನೀವು ಅಂದ. ಏನಂತ ಹೇಳ್ಲಿ? ದಾರಿ ತಪ್ಪಿ ಬಂದೆ ಅಂದೆ. ಈಗ ನಾನೂ ಸುಳ್ಳು ಹೇಳ್ದಂಗಾಯ್ತು."

ಮೊಹರಪ್ಪ ತಲೆ ಎತ್ತಲಿಲ್ಲ.

"ರೂಮು ಗೀಮು ಏನೂ ಬೇಡ" ಎಂದಳು. "ಎಲ್ಲಿಗೆ ಹೋಗ್ತೀಯ? ಹೋದ್ರೆ ನಾನೊಬ್ಬಳೇ ಇದರ ಜೊತೆ ಇರಬೇಕಾ? ಇಲ್ಲೇ ಇರು. ದಿನಾ ನೋಡು."

ಅವಳು ಬಡಿಸಿದಳು. ಯಾವತ್ತಿನಷ್ಟೇ ಬಡಿಸಿದಳು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅವನು ಉಣ್ಣತೊಡಗಿದ. ನಡುಮನೆಯ ಮೂಲೆಯಿಂದ ಅಡುಗೆಮನೆಯ ಬಾಗಿಲು ನೇರ ಕಾಣುತ್ತಿತ್ತು. ಮುಚ್ಚಳದ ಕೆಳಗೆ ಯಾರ ಮನೆಯದೋ ನೀರು ಹರಿದು ಹೋಗುವ ಸದ್ದು ಕೇಳಿಸಿತು. ಇಬ್ಬರೂ ಕೇಳಿಸಿಕೊಂಡರು, ಇಬ್ಬರೂ ಕೇಳಿಸದವರಂತೆ ಇದ್ದರು.

"ಸೋಮವಾರ ಬರ್ತಾ ಹಿತ್ತಲ ಬಾಗಿಲಿಗೆ ಒಂದು ಚಿಲಕ ತಾ" ಎಂದಳು ಅಕ್ಕ. "ಗಾಡಿಯವರು ಬಂದು ಹೋಗೋಕೆ ಇನ್ಮೇಲೆ ಅದೇ ತಾನೇ ದಾರಿ."